ಎರಡು ವರ್ಷದ ಅನುಭವ ಬೇಕು

ಬಿ.ಎ. ಪಾಸಾದ ವರ್ಷ ಒಂದೇ ವಾರದಲ್ಲಿ ನನಗೆ ಎರಡು ಕೆಲಸ ಸಿಕ್ಕವು. ಒಂದು, ಚಿಕ್ಕಬಳ್ಳಾಪುರದ ಒಂದು ಖಾಸಗಿ ಹೈಸ್ಕೂಲಿನಲ್ಲಿ ಮೇಷ್ಟ್ರ ಕೆಲಸ, ತಿಂಗಳಿಗೆ ನೂರು ರೂಪಾಯಿಯ ಮೇಲೆ ಸ್ವಲ್ಪ. ಇನ್ನೊಂದು, ಚಿಂತಾಮಣಿಯ ಒಬ್ಬ ಲಾರಿ ಮಾಲೀಕರ ಹತ್ತಿರ ಡ್ರೈವರ್ ಕೆಲಸ, ನಲವತ್ತು ರೂಪಾಯಿ ಮತ್ತು ಲಾರಿ ಹೋದ ಕಡೆ ಊಟ. ಯಾವುದಕ್ಕೆ ಸೇರಲಿ ಎಂದು ಯಾರನ್ನು ಕೇಳಿದರೂ ನಗುತ್ತಿದ್ದರು, ಇದೂ ಒಂದು ಕೇಳುವ ಮಾತೇ ಎನ್ನುವ ಹಾಗೆ. ನಾನಂತೂ ಹದಿನೈದು ದಿನ ಅದೊಂದೇ ಮಾತನ್ನು ತಲೆಯಲ್ಲಿಟ್ಟುಕೊಂಡು ಓಡಾಡಿದೆ.

ನಮ್ಮದು ಮಂಚೇನಹಳ್ಳಿಗೆ ನಡೆದುಹೋಗುವಷ್ಟು ದೂರದ ಹಳ್ಳಿ. ಅಪ್ಪನಿಗೆ ತುಂಡು ಹೊಲ, ಒಂದು ಜೊತೆ ಎತ್ತು, ಒಂದು ಗಾಡಿ. ಹೊಲಕ್ಕಿಂತ ಗಾಡಿಯೇ ನಮ್ಮನ್ನು ಸಾಕಿತು. ಊರವರ ಕಡಲೆಕಾಯಿ ಮೂಟೆಗಳನ್ನು ಹೇರಿಕೊಂಡು ಗೌರಿಬಿದನೂರಿನ ರೈಲ್ವೆ ಸ್ಟೇಷನ್ನಿಗೆ ಹಾಕಿ ಬರುವುದು ಅಪ್ಪನ ಕಸುಬಾಗಿತ್ತು. ನಮ್ಮ ಮನೆತನದಲ್ಲಿ ಹೈಸ್ಕೂಲು ಮುಗಿಸಿದವನು ನಾನೇ ಮೊದಲು, ಕಾಲೇಜಿಗೆ ಹೋದವನು ನಾನೇ ಮೊದಲು, ಡಿಗ್ರಿ ತಂದವನೂ ನಾನೇ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಬೆಂಗಳೂರಿನ ಒಂದು ಉಚಿತ ಹಾಸ್ಟೆಲಿನಲ್ಲಿ ನಾಲ್ಕು ವರ್ಷ ಎರಡು ಷರಟಿನಲ್ಲಿ, ಬೇರೆಯವರ ಪುಸ್ತಕದಲ್ಲಿ ಓದಿ ತಂದದ್ದು ಅದು. ರಜೆ ಬಂತೆಂದರೆ ಗೌರಿಬಿದನೂರಿನ ಒಂದು ಎಣ್ಣೆ ಮಿಲ್ಲಿನಲ್ಲಿ ಮೂಟೆ ಹೊರುವ ಕೆಲಸ. ಅಲ್ಲಿಗೆ ಬರುತ್ತಿದ್ದ ಲಾರಿ ಡ್ರೈವರುಗಳ ಬೆನ್ನು ಬಿದ್ದು, ಅವರ ಲಾರಿ ತೊಳೆದುಕೊಟ್ಟು, ಮಿಲ್ಲಿನ ಅಂಗಳದಲ್ಲಿ ಓಡಿಸುವುದನ್ನು ಕಲಿತೆ. ಡಿಗ್ರಿಯ ಕೊನೆಯ ವರ್ಷ ಲಾರಿ ಓಡಿಸುವ ಪರೀಕ್ಷೆ ಪಾಸಾಗಿ ಹೆವಿ ಲೈಸೆನ್ಸನ್ನೂ ಪಡೆದೆ. ಯಾಕೆ ಎಂದು ಆಗ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ದೊಡ್ಡ ಯಂತ್ರ ನನ್ನ ಕೈಯ ಮಾತು ಕೇಳುತ್ತದೆ ಎನ್ನುವುದೇ ಒಂದು ಖುಷಿಯಾಗಿತ್ತು.

ಅದಕ್ಕೊಂದು ಕಾರಣ ಸಿಕ್ಕಿದ್ದು ಗೌರಿಬಿದನೂರಿನ ವಾಚನಾಲಯದಲ್ಲಿ. ಸರ್ಕಾರಿ ಬಸ್ಸುಗಳ ಡಿಪೋಗಳಿಗೆ ಮೇಲ್ವಿಚಾರಕರು ಬೇಕೆಂದು ಪೇಪರಿನಲ್ಲಿ ಜಾಹೀರಾತು ಬಂದಿತ್ತು. ಡಿಗ್ರಿ ಆಗಿರಬೇಕು, ಹೆವಿ ಲೈಸೆನ್ಸ್ ಇರಬೇಕು, ದೊಡ್ಡ ಗಾಡಿ ಓಡಿಸಿದ ಎರಡು ವರ್ಷದ ಅನುಭವ ಬೇಕು. ನಾನು ಅದನ್ನು ಮೂರು ಸಲ ಓದಿದೆ. ಡಿಗ್ರಿ ಆದವರು ಲಾರಿ ಹತ್ತುವುದಿಲ್ಲ, ಲಾರಿ ಹತ್ತಿದವರು ಡಿಗ್ರಿ ಮಾಡುವುದಿಲ್ಲ. ಎರಡೂ ಇದ್ದವರು ಇಡೀ ಸಂಸ್ಥಾನ ಹುಡುಕಿದರೂ ಬೆರಳೆಣಿಕೆಯಷ್ಟು ಜನ ಇದ್ದಾರು. ಆ ಸಲಕ್ಕೆ ನನಗೆ ಆಗುವುದಿಲ್ಲ, ಸರಿ. ಆದರೆ ಮುಂದೆ ಮತ್ತೆ ಕರೆದೇ ಕರೆಯುತ್ತಾರೆ. ಆಗ ನನ್ನ ಹತ್ತಿರ ಮೂರನೆಯದೂ ಇರಬೇಕು.

ಮನೆಗೆ ಬಂದು ಹೇಳಿದಾಗ ಅಪ್ಪ ಎತ್ತುಗಳಿಗೆ ಹುಲ್ಲು ಹಾಕುತ್ತಿದ್ದರು.

"ಗಾಡಿ ತಪ್ಪಿಸ್ಬೇಕು ಅಂತ ಓದಿಸ್ದೆ ಕಣೋ ನಿನ್ನ. ನಂದು ಎತ್ತಿನ ಗಾಡಿ, ನಿಂದು ಎಣ್ಣೆ ಗಾಡಿ. ಇಷ್ಟೇನಾ ಬಿ.ಎ. ಅಂದ್ರೆ?"

"ಕೊನೇವರ್ಗೂ ಅಲ್ಲಪ್ಪ. ಎರಡೇ ವರ್ಷ. ಅನುಭವಕ್ಕೆ."

ಒಲೆಯ ಮುಂದಿನಿಂದ ಅಮ್ಮನ ಗಂಟಲು ಕೇಳಿಸಿತು. "ಅನುಭವ ಬೇಕಂತೆ ಅನುಭವ! ಅನುಭವಿಸ್ಲಿ ಬಿಡಿ. ನಾವು ಅನುಭವಿಸಿದ್ದು ಸಾಲ್ದು ಅಂತ ಕಾಣ್ತದೆ."

ನಮ್ಮ ಕಡೆ ಅನುಭವಿಸು ಎಂದರೆ ಕಷ್ಟಪಡು ಎಂದೇ ಅರ್ಥ. ಪೇಪರಿನ ಮಾತನ್ನು ತಂದು ಅಮ್ಮನ ಕೈಗೆ ಕೊಟ್ಟದ್ದು ನನ್ನದೇ ತಪ್ಪು.

ಚಿಂತಾಮಣಿಯ ಲಾರಿ ಮಾಲೀಕರ ವಿಷಯ ತಿಳಿಸಿದವರು ಮಿಲ್ಲಿನ ಡ್ರೈವರುಗಳು. ಅರವತ್ತರ ಹತ್ತಿರದ ಮುಸಲ್ಮಾನ ಹಿರಿಯರು, ಒಂದೇ ಲಾರಿ, ತಾವೇ ಓಡಿಸುತ್ತಿದ್ದರು. ಈಚೆಗೆ ಕಣ್ಣು ಮಂಜಾಗಿ, ಜೊತೆಗೊಬ್ಬ ಡ್ರೈವರನ್ನು ಹುಡುಕುತ್ತಿದ್ದರು. ನಾನು ಹೋದಾಗ ಲಾರಿಯ ಬಾನೆಟ್ಟಿನ ಮೇಲೆ ಗಾಜಿನ ಲೋಟ ಇಟ್ಟುಕೊಂಡು ಟೀ ಕುಡಿಯುತ್ತಿದ್ದರು. ನನ್ನ ಲೈಸೆನ್ಸನ್ನು ತೋಳಿನುದ್ದ ದೂರ ಹಿಡಿದು ನೋಡಿ ವಾಪಸು ಕೊಟ್ಟರು.

"ಇದು ಲೈಸೆನ್ಸು. ಡ್ರೈವರ್ ಎಲ್ಲಿ?"

"ನಾನೇ ಸಾಹೇಬ್ರೇ."

"ನೀನು ಬಿ.ಎ. ಅಪ್ಪಾ. ಡ್ರೈವರ್ ಇನ್ನೂ ಹುಟ್ಟಿಲ್ಲ."

ನಲವತ್ತು ಎಂದರು. ಪಳಗಿದ ಡ್ರೈವರಿಗೆ ಇದರ ಮೂರರಷ್ಟು ಕೊಡುತ್ತಾರೆಂದು ನನಗೆ ಗೊತ್ತಿತ್ತು, ಹಾಗೆಂದು ಹೇಳಿಯೂ ಹೇಳಿದೆ. "ಕೊಡ್ತಾರೆ. ಯಾಕ್ ಕೊಡಲ್ಲ? ಅವರ ಕೈ ಪಳಗಿಸೋವಾಗ ಯಾರದೋ ಲಾರಿಯ ಗೇರು ಪುಡಿ ಆಗಿರ್ತದೆ. ನಿನ್ನ ಕೈ ಪಳಗೋಕೆ ನಂದು ಪುಡಿ ಆಗ್ಬೇಕು. ಅದರ ಖರ್ಚು ನಿಮ್ಮಪ್ಪ ಕೊಡ್ತಾನಾ?" ಎಂದರು. ಸಿಟ್ಟಿನಿಂದಲ್ಲ, ಇದ್ದದ್ದನ್ನು ಇದ್ದ ಹಾಗೆ.

ಯಾಕೆ ಬಂದೆ ಎಂದು ಕೇಳಿದರು. ಜಾಹೀರಾತಿನ ವಿಷಯ, ಸ್ಕೂಲಿನ ವಿಷಯ ಎರಡನ್ನೂ ಹೇಳಿದೆ. ಅವರಿಗೆ ನನ್ನ ಮೇಲೆ ಕನಿಕರ ಬಂದಿತು.

"ಅರೆ, ಹಂಗಾದ್ರೆ ಯಾಕಪ್ಪಾ ಒದ್ದಾಡ್ತೀಯ? ಇಸ್ಕೂಲಿಗೆ ಹೋಗು, ಆರಾಮಾಗಿ ಪಾಠ ಹೇಳು. ಎರಡು ವರ್ಷ ಬಿಟ್ಟು ಬಾ. ನನ್ನ ಹತ್ರ ಲಾರಿ ಓಡಿಸ್ದ ಅಂತ ಕಾಗದ ನೀನೇ ಬರ್ಕೊ, ನಾನು ಮೊಹರು ಹಾಕ್ತೀನಿ. ಒಂದು ಟೀ ಕುಡಿಸು, ಸಾಕು."

ನಾನು ಎರಡು ಕೆಲಸಗಳನ್ನು ತೂಗುತ್ತಾ ಹೋದವನು ಮೂರು ದಾರಿ ಹಿಡಿದುಕೊಂಡು ಊರಿಗೆ ಬಂದೆ. ಮೇಷ್ಟ್ರ ಸಂಬಳವೂ ಸಿಗುತ್ತದೆ, ಅನುಭವದ ಕಾಗದವೂ ಸಿಗುತ್ತದೆ. ಯಾರಿಗೂ ನಷ್ಟವಿಲ್ಲ. ಮನೆಗೆ ಹೆಂಚು ಹಾಕಿಸಬಹುದು. ಅಪ್ಪ ಬಾಡಿಗೆ ಗಾಡಿ ಹೊಡೆಯುವುದನ್ನು ಬಿಡಬಹುದು. ಇನ್ನೊಂದು ಕಡೆ, ನಾನು ಪರೀಕ್ಷೆಯಲ್ಲಿ ಪಕ್ಕದವನ ಹಾಳೆಯ ಕಡೆ ಕಣ್ಣು ಹಾಯಿಸಿದವನಲ್ಲ. ನನ್ನ ಡಿಗ್ರಿಯ ಬಗ್ಗೆ ನನಗಿದ್ದ ಗರ್ವವೆಲ್ಲ ಅದರ ಮೇಲೇ ನಿಂತಿತ್ತು. ಆದರೆ ಇದು ಪರೀಕ್ಷೆಯಲ್ಲವಲ್ಲ, ಬರೀ ಒಂದು ಕಾಗದ. ಲೈಸೆನ್ಸು ನಿಜವಾದದ್ದೇ, ಓಡಿಸಲು ಬರುವುದೂ ನಿಜವೇ. ಎರಡು ವರ್ಷ ಎಂಬ ಮಾತೊಂದು ಸುಳ್ಳು. ಹೀಗೆ ನನಗೆ ನಾನೇ ವಕೀಲನಾದೆ. ಅಪ್ಪನಿಗೂ ಈ ದಾರಿ ಒಪ್ಪಿಗೆಯಾಯಿತು. "ಅವರಾಗೇ ಕೊಡ್ತೀನಿ ಅಂದಿದ್ದಾರೆ. ನೀನೇನ್ ಕದೀತಾ ಇದ್ದೀಯಾ?" ಎಂದರು.

ಮುಕ್ಕಾಲು ಪಾಲು ನಿರ್ಧಾರ ಆಗಿಯೇ ಹೋಗಿತ್ತು. ಅದನ್ನು ತಿಳಿಸಲು ಮತ್ತೆ ಚಿಂತಾಮಣಿಗೆ ಹೋದೆ. ಮಾಲೀಕರು ತಲೆಯಾಡಿಸಿ, "ಒಳ್ಳೇದಾಯ್ತು. ಆದ್ರೆ ಒಂದು ಟ್ರಿಪ್ಪಾದ್ರೂ ನನ್ನ ಲಾರಿ ಓಡ್ಸು. ಕಾಗದ ಪೂರ್ತಿ ಸುಳ್ಳಾಗೋದು ಬೇಡ," ಎಂದರು.

ಮಾರನೆಯ ಬೆಳಿಗ್ಗೆ ಸಾದಲಿ ಕಡೆಯ ಹಳ್ಳಿಗಳಿಂದ ರೇಷ್ಮೆ ಗೂಡು ಹೇರಿಕೊಂಡು ಶಿಡ್ಲಘಟ್ಟಕ್ಕೆ ಹೊರಟೆವು. ನಾನು ಸ್ಟಿಯರಿಂಗಿನ ಮುಂದೆ, ಮಾಲೀಕರು ಪಕ್ಕದಲ್ಲಿ, ಹಿಂದೆ ಬುಟ್ಟಿಗಳ ನಡುವೆ ಕ್ಲೀನರ್. ಕ್ಲೀನರ್ ಎಂದರೆ ಹುಡುಗನಲ್ಲ. ಐವತ್ತು ದಾಟಿದ, ತಲೆಗೆ ಟವಲು ಸುತ್ತಿದ, ಆಂಧ್ರದ ಗಡಿಯ ಕಡೆಯ ಮನುಷ್ಯ. ಇಪ್ಪತ್ತು ವರ್ಷದಿಂದ ಅದೇ ಮಾಲೀಕರ ಜೊತೆ ಇದ್ದವರು. ಗೂಡಿನೊಳಗೆ ಹುಳ ಜೀವಂತ ಇರುತ್ತದೆ. ಬುಟ್ಟಿ ಕುಲುಕಿ ಒಂದು ಹುಳ ಒಡೆದರೆ ಅದರ ಕರೆ ಸುತ್ತಲಿನ ಗೂಡುಗಳಿಗೂ ಹತ್ತಿ ನೂಲು ಕೆಡುತ್ತದೆ. ಹಾಗಾಗಿ ಹಳ್ಳ ಕಂಡಲ್ಲೆಲ್ಲ ಲಾರಿಯನ್ನು ಬಸುರಿ ಹೆಂಗಸನ್ನು ನಡೆಸಿದ ಹಾಗೆ ನಡೆಸಿದೆ. ಕೆರೆ ಏರಿಯ ಮೇಲೆ ಎದುರಿಗೆ ಬಂದ ಬಸ್ಸಿಗೂ ಸಲೀಸಾಗಿ ದಾರಿ ಕೊಟ್ಟೆ. ಮಾಲೀಕರು ಕಿಟಕಿಯ ಹೊರಗೆ ನೋಡುತ್ತಾ "ಪರ್ವಾಗಿಲ್ಲ" ಎಂದರು. ಎರಡು ವರ್ಷ ಎಂಬ ಸುಳ್ಳು ಅಷ್ಟೇನೂ ದೊಡ್ಡದಲ್ಲ ಎಂದು ನನಗೆ ಅನ್ನಿಸತೊಡಗಿತು.

ಶಿಡ್ಲಘಟ್ಟದಲ್ಲಿ ಗೂಡು ಇಳಿಸಬೇಕಾದ ಮನೆ ಒಂದು ಓಣಿಯ ಕೊನೆಯಲ್ಲಿತ್ತು. ನೂಲು ಬಿಚ್ಚುವ ಮನೆ. ಗೂಡು ಬೇಯುವ ವಾಸನೆ ಓಣಿಯ ಬಾಯಿಗೇ ಬಂದು ಮೂಗಿಗೆ ಹೊಡೆಯುತ್ತಿತ್ತು. ಅಲ್ಲಿ ತಿರುಗಿಸಲು ಜಾಗವಿಲ್ಲ, ಹಿಮ್ಮುಖವಾಗಿಯೇ ಹೋಗಬೇಕು. ಕ್ಲೀನರ್ ಇಳಿದು ಹಿಂದೆ ನಿಂತರು. ನಾನು ರಿವರ್ಸ್ ಹಾಕಿದೆ. ಎಂಜಿನ್ನಿನ ಸದ್ದು ಎರಡು ಗೋಡೆಗಳ ನಡುವೆ ಸಿಕ್ಕಿ ಕಿವಿ ಗುಂಯ್‌ಗುಡುತ್ತಿತ್ತು. ಬಾ, ಬಾ ಎನ್ನುತ್ತಿದ್ದ ಕ್ಲೀನರ್ ಇದ್ದಕ್ಕಿದ್ದಂತೆ ಗಂಟಲು ಹರಿಯುವ ಹಾಗೆ ಕೂಗಿದರು.

"ಕುಡಿಕಿ! ಕುಡಿಕಿ! ಇಂಕಾ ಕುಡಿಕಿ!"

ತೆಲುಗಿನಲ್ಲಿ ಕುಡಿಕಿ ಎಂದರೆ ಬಲಕ್ಕೆ. ಇನ್ನೂ ಬಲಕ್ಕೆ ತಿರುಗಿಸು ಎಂದು ಅವರು ಹೇಳುತ್ತಿದ್ದರು. ನನ್ನ ಕಿವಿಗೆ ಬಿದ್ದದ್ದು ಕುಡುಕ. ಕುಡುಕ, ಕುಡುಕ ಎಂದು ಯಾರೋ ನನ್ನನ್ನು ಓಣಿಯ ನಡುವೆ ಬಯ್ಯುತ್ತಿದ್ದಾರೆ! ಜನ್ಮದಲ್ಲಿ ಒಂದು ತೊಟ್ಟು ಮುಟ್ಟಿದವನಲ್ಲ ನಾನು. ಯಾರವನು ಎಂದು ಸಿಟ್ಟಿನಿಂದ ಎಡಗಡೆಗೆ ಕತ್ತು ತಿರುಗಿಸಿದೆ. ಕತ್ತಿನ ಹಿಂದೆಯೇ ಕೈಯೂ ತಿರುಗಿತು. ದಡ್ ಎಂದು ಲಾರಿಯ ಮೂಲೆ ಆ ಮನೆಯ ಮಣ್ಣಿನ ಗೋಡೆಗೆ ಹೊಡೆಯಿತು. ಎರಡು ಬುಟ್ಟಿ ಕೆಳಗೆ ಬಿದ್ದು ಗೂಡುಗಳು ಧೂಳಿನಲ್ಲಿ ಉರುಳಿದವು.

ನಾನು ಇಳಿದು ಮೊದಲು ಆಡಿದ ಮಾತು ನೆನಪಾದರೆ ಈಗಲೂ ಮುಖ ಬಿಸಿಯಾಗುತ್ತದೆ. "ಯಾರ್ರೀ ನನ್ನ ಕುಡುಕ ಅಂದಿದ್ದು?"

ಮಾಲೀಕರು ಲಾರಿಯ ಬಾಗಿಲಿನ ಹಿಡಿಕೆ ಹಿಡಿದುಕೊಂಡು ನಗಲು ಶುರು ಮಾಡಿದರು.

"ಬಿ.ಎ. ಸಾಬ್‌ಗೆ ಕುಡಿಕಿ ಅಂದ್ರೆ ಗೊತ್ತಿಲ್ವಂತೆ! ಯಾವೂರಪ್ಪಾ ನಿಂದು, ಲಂಡನ್ನಾ?"

"ಮಂಚೇನಹಳ್ಳಿ ಪಕ್ಕ," ಎಂದೆ.

ಓಣಿಗೆ ಓಣಿಯೇ ನಕ್ಕಿತು. ನಮ್ಮ ಕಡೆ ಮನೆಮನೆಯಲ್ಲೂ ತೆಲುಗು; ಮಂಚೇನಹಳ್ಳಿ ಪಕ್ಕದವನಿಗೆ ತೆಲುಗು ಬರುವುದಿಲ್ಲ ಎಂದರೆ ಯಾರು ನಂಬುತ್ತಾರೆ? ನಗದಿದ್ದವರು ಆ ಮನೆಯ ಯಜಮಾನಿ ಒಬ್ಬರೇ. "ನಗೋದು ಆಮೇಲೆ ಆಗ್ಲಿ ಕಣ್ರಪ್ಪಾ! ಗೋಡೆ ಹಾಳಾಗ್ಲಿ, ಗೂಡು ಆರಿಸ್ರೋ ಮೊದ್ಲು!" ಎಂದು ಸೆರಗು ಸಿಕ್ಕಿಸಿಕೊಂಡು ಧೂಳಿನಲ್ಲಿ ಕೂತರು. ನಾನೂ ಕೂತು ಆರಿಸಿದೆ.

ತೆಲುಗು ನನಗೆ ಬರುತ್ತಿರಲಿಲ್ಲ ಎಂದಲ್ಲ. ಚಿಕ್ಕಂದಿನಲ್ಲಿ ಯಾವ ಮಾತು ಕನ್ನಡ, ಯಾವ ಮಾತು ತೆಲುಗು ಎಂದೇ ತಿಳಿಯದ ಹಾಗೆ ಎರಡನ್ನೂ ಆಡಿಕೊಂಡು ಬೆಳೆದವನು. ಹಾಸ್ಟೆಲಿಗೆ ಸೇರಿದ ಮೊದಲ ವಾರ ಮೈಸೂರು ಕಡೆಯ ಹುಡುಗನೊಬ್ಬ ಸ್ನಾನದ ಮನೆ ಎಲ್ಲಿ ಎಂದು ಕೇಳಿದ್ದಕ್ಕೆ "ಕುಡಿ ಪಕ್ಕ" ಎಂದುಬಿಟ್ಟೆ. ಅವನು ಒಂದು ಲೋಟ ನೀರು ತಂದು "ತಗೋಪ್ಪ, ನೀನೇ ಕುಡಿ" ಎಂದು ನನ್ನ ಕೈಯಲ್ಲಿಟ್ಟ. ವರ್ಷವಿಡೀ ನನಗೆ ಅದೇ ಹೆಸರಾಯಿತು. ಅಂದಿನಿಂದ ತೆಲುಗಿನ ಒಂದು ಮಾತೂ ಬಾಯಿಂದ ಹೊರಡದ ಹಾಗೆ ನೋಡಿಕೊಂಡೆ. ಬರೀ ಬಾಯಿ ಕಟ್ಟಿದ್ದೇನೆ ಎಂದುಕೊಂಡಿದ್ದೆ. ಕಿವಿಯನ್ನೂ ಕಟ್ಟಿದ್ದೆ ಎಂದು ಗೊತ್ತಾದದ್ದು ಶಿಡ್ಲಘಟ್ಟದ ಓಣಿಯಲ್ಲಿ.

ಗೋಡೆಯನ್ನು ನಾನೇ ಮೆತ್ತಿಕೊಡುತ್ತೇನೆ ಎಂದೆ. ಕಾಲೇಜಿಗೆ ಹೊಲಿಸಿದ್ದ ಪ್ಯಾಂಟನ್ನು ಮೊಣಕಾಲಿನ ತನಕ ಮಡಿಸಿ ಮಣ್ಣು ತುಳಿದೆ. ಕ್ಲೀನರ್ ಪಕ್ಕದಲ್ಲಿ ಕೂತು ಉಂಡೆ ಮಾಡಿ ಕೊಡುತ್ತಿದ್ದರು.

"ನನ್ನ ಮೇಲೆ ಕೋಪನಾ?" ಎಂದು ಕೇಳಿದೆ.

"ಕೋಪ ಯಾಕೆ ಸಾಮಿ? ನಿಮ್ಗೆ ಕನ್ನಡದಾಗೆ ಹೇಳ್ಬೇಕು ಅಂತ ನಂಗ್ ಗೊತ್ತಿರ್ಲಿಲ್ಲ. ಅವಸರ ಬಿದ್ರೆ ನನ್ನ ಬಾಯಿಗೆ ತೆಲುಗೇ ಬರೋದು. ಸಾಹೇಬ್ರಿಗೆ ಅವಸರ ಬಿದ್ರೆ ಉರ್ದು ಬರ್ತದೆ. ಡ್ರೈವರ್ ಅಂದೋನು ಮೂರನ್ನೂ ಕೇಳ್ಬೇಕು. ಮುಂದಕ್ಕೆ ಹೋಗೋವಾಗ ನಿಮ್ಗೆ ಕಣ್ಣು ಅದೆ. ಹಿಂದಕ್ಕೆ ಹೋಗೋವಾಗ ಕಣ್ಣೆಲ್ಲಿ ಅದೆ? ನನ್ನ ಬಾಯೇ ನಿಮ್ ಕಣ್ಣು."

ಮಣ್ಣು ಹಚ್ಚುತ್ತಾ ಆ ಮಾತನ್ನೇ ಯೋಚಿಸಿದೆ. ಕಾಗದ ಹಿಡಿದು ಡಿಪೋಗೆ ಹೋದರೆ ಇಂಥ ಐವತ್ತು ಜನರ ಮೇಲೆ ನನ್ನನ್ನು ಕೂರಿಸುತ್ತಾರೆ. ಒಂದು ಬಸ್ಸು ಗೋಡೆಗೆ ಹೊಡೆದರೆ ತಪ್ಪು ಯಾರದು ಎಂದು ನಾನು ಬರೆಯಬೇಕು. ನನ್ನ ಬರಹದ ಮೇಲೆ ಒಬ್ಬನ ಅನ್ನ ಹೋಗಬಹುದು. ಅವತ್ತಿನ ಗೋಡೆಯ ವಿಷಯ ಬರೆಯಲು ನನಗೆ ಹೇಳಿದ್ದರೆ, ಕ್ಲೀನರ್ ನನ್ನನ್ನು ಬೈದ, ಅದರಿಂದ ಅಪಘಾತ ಆಯಿತು ಎಂದು ಅಚ್ಚುಕಟ್ಟಾದ ಇಂಗ್ಲಿಷಿನಲ್ಲಿ ಬರೆಯುತ್ತಿದ್ದೆ. ಓದಿದವರೂ ನಂಬುತ್ತಿದ್ದರು. ಎರಡು ವರ್ಷ ಎಂಬುದು ಚಿಕ್ಕ ಸುಳ್ಳಾಗಿರಲಿಲ್ಲ.

ಗೋಡೆ ಮುಗಿದ ಮೇಲೆ ಮಾಲೀಕರ ಹತ್ತಿರ ಹೋದೆ.

"ಕಾಗದ ಬೇಡ ಸಾಹೇಬ್ರೇ. ಕೆಲಸ ಕೊಡಿ."

"ಗೋಡೆ ಬೀಳಿಸಿ ಕೆಲ್ಸ ಕೇಳೋನು ನೀನೊಬ್ನೇ ಕಣಪ್ಪಾ," ಎಂದರು. "ನಲವತ್ತೇ."

"ನಲವತ್ತೇ ಆಗ್ಲಿ. ಆದ್ರೆ ವಾರಕ್ಕೆ ನಾಲ್ಕು ದಿನ ಸ್ಟಿಯರಿಂಗು ನನ್ನ ಕೈಲಿರ್ಬೇಕು. ಪಕ್ಕದಲ್ಲಿ ಕೂತ್ಕೊಂಡು ಬರೋದಾದ್ರೆ ನಾನು ಇಸ್ಕೂಲಿಗೇ ಹೋಗ್ತೀನಿ. ಆರು ತಿಂಗಳಾದ್ಮೇಲೆ ನನ್ನ ಕೈ ನೋಡಿ ನೀವೇ ಸಂಬಳ ಹೇಳಿ."

ಚೌಕಾಸಿ ಮಾಲೀಕರಿಗೆ ಹೊಸದಲ್ಲ, ಆದರೆ ಸಂಬಳ ಬಿಟ್ಟು ಸ್ಟಿಯರಿಂಗಿಗೆ ಚೌಕಾಸಿ ಮಾಡಿದವನನ್ನು ಅವರು ಕಂಡಿರಲಿಲ್ಲವೋ ಏನೋ. "ಮೂರು ದಿನ," ಎಂದರು. ನಾನು ತಲೆ ಅಲ್ಲಾಡಿಸಿದೆ. "ಸರಿ ಹೋಗು, ನಾಲ್ಕು," ಎಂದರು.

ವಾಪಸು ಬರುವಾಗ ಚಿಕ್ಕಬಳ್ಳಾಪುರದಲ್ಲಿ ಇಳಿದು ಹೆಡ್‌ಮೇಷ್ಟ್ರ ಮನೆಗೆ ಹೋದೆ. ಒಳ್ಳೆಯ ಮನುಷ್ಯ. ನನ್ನ ಅಂಕಪಟ್ಟಿ ನೋಡಿ ಅವರಾಗಿಯೇ ಕರೆದು ಕೆಲಸ ಕೊಟ್ಟಿದ್ದರು. ಬರುವುದಿಲ್ಲ ಎಂದೆ. ಎಲ್ಲಿಗೆ, ಎಷ್ಟು ಎಂದು ಕೇಳಿದರು. ಹೇಳಿದೆ. ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿಕೊಂಡರು.

"ನಮ್ಮ ಸ್ಕೂಲಿನ ಜವಾನನಿಗೂ ಇದಕ್ಕಿಂತ ಜಾಸ್ತಿ ಕಣಯ್ಯ."

"ಗೊತ್ತು ಸಾರ್."

"ಎರಡು ವರ್ಷ ಬಿಟ್ಟು ಬಂದ್ರೆ ಈ ಜಾಗ ಖಾಲಿ ಇರಲ್ಲ."

"ಅದೂ ಗೊತ್ತು ಸಾರ್."

"ಎಲ್ಲಾ ಗೊತ್ತಿರೋನಿಗೆ ನಾನೇನು ಹೇಳ್ಲಿ? ಹೋಗು," ಎಂದರು. ಕಾಫಿ ಕುಡಿಸದೆ ಕಳಿಸಲಿಲ್ಲ.

ಮುಂದಿನದನ್ನು ಇಲ್ಲೇ ಹೇಳಿಬಿಡುತ್ತೇನೆ. ಡಿಪೋ ಕೆಲಸಕ್ಕೆ ಎರಡು ವರ್ಷಕ್ಕೆ ಕರೆಯಲಿಲ್ಲ, ಮೂರೂವರೆ ವರ್ಷವಾಯಿತು. ಆ ನಡುವಿನ ದಿನಗಳಲ್ಲಿ ಮೇಷ್ಟ್ರ ಕೆಲಸ ಬಿಟ್ಟು ತಪ್ಪು ಮಾಡಿದೆನೇ ಎಂದು ಎಷ್ಟೋ ಸಲ ಅನ್ನಿಸಿದ್ದುಂಟು. ಮನೆಗೆ ಹೆಂಚು ಬಂದದ್ದು ತಡವಾಯಿತು. ಅಪ್ಪ ಇನ್ನೂ ಮೂರು ವರ್ಷ ಗಾಡಿ ಹೊಡೆದರು, ಅದರ ಭಾರ ನನ್ನ ಮೇಲಿದೆ. ಅನುಭವಕ್ಕೆಂದು ಕಡಿಮೆ ಸಂಬಳಕ್ಕೆ ಹೋಗಲೇ ಎಂದು ಈಗಿನ ಹುಡುಗರು ಕೇಳಿದರೆ ನಾನು ತಟ್ಟನೆ ಹೂಂ ಎನ್ನುವುದಿಲ್ಲ. ನಿನ್ನ ಕೈಗೆ ಕೆಲಸ ಕೊಡುತ್ತಾರೋ ಅಥವಾ ಬರೀ ಕೂರಿಸಿಕೊಳ್ಳುತ್ತಾರೋ, ಅದನ್ನು ಮೊದಲು ಕೇಳಿಕೊಂಡು ಬಾ ಎನ್ನುತ್ತೇನೆ. ಡಿಪೋ ಕೆಲಸ ನನಗೆ ಕಡೆಗೆ ಸಿಕ್ಕಿತು. ಕಾಗದದಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಅವತ್ತು ಊರು ಸೇರುವ ಹೊತ್ತಿಗೆ ಸಂಜೆಯಾಗಿತ್ತು. ಅಪ್ಪ ಗಾಡಿಯ ಚಕ್ರಕ್ಕೆ ಕೀಲೆಣ್ಣೆ ಹಾಕುತ್ತಿದ್ದರು. ಕಾಗದ ಬೇಡವೆಂದೆ, ಮೇಷ್ಟ್ರ ಕೆಲಸ ಬಿಟ್ಟೆ ಎಂದು ಹೇಳಿದೆ. ಅವರು ಎಣ್ಣೆ ಬಳಿಯುವುದನ್ನು ನಿಲ್ಲಿಸಲಿಲ್ಲ.

"ಯಾಕೆ?"

ಗೋಡೆಯ ಕತೆ ಹೇಳಿದೆ. ಕುಡಿಕಿ ಎಂದದ್ದು, ಕುಡುಕ ಎಂದು ಕೇಳಿದ್ದು, ಇಳಿದು ಜಗಳಕ್ಕೆ ಹೋದದ್ದು. ಅಪ್ಪನ ಭುಜ ಅಲುಗತೊಡಗಿತು. ಅಳುತ್ತಿದ್ದಾರೆಂದು ನನಗೆ ಗಾಬರಿಯಾಯಿತು. ನಗುತ್ತಿದ್ದರು.

"ನಮ್ಮ ಎತ್ತಿಗೂ ಗೊತ್ತು ಕಣೋ, ಕುಡಿ ಅಂದ್ರೆ ಯಾವ ಕಡೆ ಅಂತ. ನಾಲ್ಕು ವರ್ಷ ಬೆಂಗ್ಳೂರಲ್ಲಿ ಏನ್ ಓದ್ದೆ ನೀನು?"

"ಅದಕ್ಕೇ ಹೋಗ್ತಾ ಇದ್ದೀನಪ್ಪ."

ನಗು ನಿಂತಿತು. ಕೀಲೆಣ್ಣೆಯ ಕೈಯನ್ನು ಹುಲ್ಲಿಗೆ ಒರೆಸಿಕೊಂಡರು. ಬೇಸರ ಹೋಗಿರಲಿಲ್ಲ, ಅದು ಮುಖದಲ್ಲಿ ಕಾಣುತ್ತಲೇ ಇತ್ತು. ಮೇಷ್ಟ್ರ ಅಪ್ಪ ಎನ್ನಿಸಿಕೊಳ್ಳುವ ಆಸೆ ಅವರಿಗೆ ಎಷ್ಟಿತ್ತೆಂದು ನನಗೆ ಗೊತ್ತು.

"ಯಾವತ್ತಿಂದ?"

"ಸೋಮವಾರ. ಮೊದಲ್ನೇ ಬಸ್ಸಿಗೆ."

"ಹಂಗಾದ್ರೆ ಆ ಪ್ಯಾಂಟು ಇವತ್ತೇ ಒಗೆದಾಕು. ಮಣ್ಣು ಒಣಗಿದ್ರೆ ಬಿಡಲ್ಲ," ಎಂದು ಇನ್ನೊಂದು ಚಕ್ರದ ಕಡೆಗೆ ಹೋದರು.